ಹೃದಯಭೂಷಣ ಪುಡಿ

ಡಾಕ್ಟರ್ ಪುಷ್ಪಲತಾಗೆ ಸನ್ಮಾನವೆಂದರೆ ಆಗುತ್ತಿರಲಿಲ್ಲ. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಹನ್ನೊಂದು ವರ್ಷದಿಂದ ಹೃದಯದ ಜೀವಕೋಶಗಳ ಮೇಲೆ ಕೆಲಸ ಮಾಡುತ್ತಿದ್ದ ಆಕೆ, ಶಾಲು ಹೊದೆಸಿಕೊಂಡು ಫೋಟೊಗೆ ಹಲ್ಲು ಕಿರಿಯುವ ಸಹೋದ್ಯೋಗಿಗಳನ್ನು ಕಂಡರೆ ಮುಖ ತಿರುಗಿಸಿ ಲ್ಯಾಬಿನೊಳಕ್ಕೆ ಹೋಗುತ್ತಿದ್ದಳು. ಹಾಗಿದ್ದೂ ಹುಟ್ಟೂರು ಕೊಟ್ಟೂರಿನ ಸನ್ಮಾನದ ಕರೆಗೆ ಒಪ್ಪಿದ್ದು ಒಂದೇ ಕಾರಣಕ್ಕೆ. ಫೋನ್ ಮಾಡಿದವರು ಪಂಚಾಕ್ಷರಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಕಪ್ಪೆಯ ಎದೆ ಸೀಳಿ, ಇನ್ನೂ ಬಡಿಯುತ್ತಿದ್ದ ಹೃದಯವನ್ನು ಆಕೆಗೆ ಮೊದಲು ತೋರಿಸಿದವರು ಅವರೇ.

ಆಕೆಯ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಒತ್ತಡ ಹೆಚ್ಚಿ ಹೃದಯದ ಗೋಡೆ ಹಿಗ್ಗಿದಾಗ ಅದರ ಕೋಶಗಳು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದೊಂದು ಪೆಪ್ಟೈಡ್, ಎಂದರೆ ಪ್ರೋಟೀನಿನ ಸಣ್ಣ ತುಣುಕು. ಉಪ್ಪು, ನೀರು ಹೊರಗೆ ಹಾಕು ಎಂದು ಅದು ಮೂತ್ರಪಿಂಡಕ್ಕೆ ಹೇಳುತ್ತದೆ. ಹೃದಯದ ಕೋಶಗಳಿಗೂ ಏನೋ ಹೇಳುತ್ತದೆ. ಏನು ಹೇಳುತ್ತದೆ, ಕೋಶದೊಳಗೆ ಆ ಸಂದೇಶ ಯಾರ ಯಾರ ಕೈ ದಾಟುತ್ತದೆ ಎಂದು ಹುಡುಕುವುದರಲ್ಲೇ ಪುಷ್ಪಲತಾಳ ಹನ್ನೊಂದು ವರ್ಷ ಕಳೆದಿತ್ತು. ಹೋದ ವರ್ಷ, ಇಲಿಯ ಹೃದಯದ ಕೋಶಗಳಲ್ಲಿ ಆಕೆ ಕಂಡುಕೊಂಡದ್ದು ಪ್ರಕಟವಾಯಿತು. ಪತ್ರಿಕೆಯ ವರದಿಗಾರನೊಬ್ಬ ಫೋನ್ ಮಾಡಿದ. "ಮುಂದೆಂದಾದರೂ ಔಷಧಿಗೆ ದಾರಿಯಾಗಬಹುದು" ಎಂದಳು. ಮರುದಿನದ ತಲೆಬರಹ: "ಹೃದ್ರೋಗಕ್ಕೆ ಮದ್ದು ಕಂಡುಹಿಡಿದ ಕೊಟ್ಟೂರಿನ ಕುವರಿ". ವಾಟ್ಸಾಪಿನಲ್ಲಿ ಬಂದ ಅದನ್ನು ನೋಡಿ "ದಡ್ಡ ಶಿಖಾಮಣಿಗಳು" ಎಂದು ನಕ್ಕು ಅಳಿಸಿಹಾಕಿದಳು. ತಿದ್ದುಪಡಿ ಬರೆದು ಕಳಿಸುವಷ್ಟು ಗೌರವವನ್ನೂ ಅದಕ್ಕೆ ಕೊಡಬಾರದೆಂದು ಆಕೆಗೆ ಅನಿಸಿತ್ತು.

ಕೊಟ್ಟೂರಿನ ಕಲ್ಯಾಣ ಮಂಟಪದ ವೇದಿಕೆ ಹತ್ತಿದ ಕೂಡಲೇ ಆಕೆಯ ಕಣ್ಣಿಗೆ ಬಿದ್ದದ್ದು ಬ್ಯಾನರ್. ಎಡಕ್ಕೆ ಆಕೆಯ ಫೋಟೊ, ಬಲಕ್ಕೆ ಅಷ್ಟೇ ದೊಡ್ಡದಾಗಿ ಒಂದು ಹಸಿರು ಡಬ್ಬಿ. "ಹೃದಯಭೂಷಣ ಪೆಪ್ಟೈಡ್ ಪುಡಿ. ನಮ್ಮೂರ ವಿಜ್ಞಾನಿಯ ಸಂಶೋಧನೆ, ನಮ್ಮೂರಿನದೇ ತಯಾರಿಕೆ." ಡಬ್ಬಿಯ ಮೇಲೂ ಆಕೆಯದೇ ಮುಖ.

ಸನ್ಮಾನ ಸಮಿತಿಯ ಅಧ್ಯಕ್ಷ ಏಕಾಂತಪ್ಪನೇ ಪುಡಿಯ ಮಾಲೀಕ. ಹೋದ ವರ್ಷದವರೆಗೂ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದವನು. ಮೈಕ್ ಹಿಡಿದು ಇಪ್ಪತ್ತು ನಿಮಿಷ ಮಾತಾಡಿದ. ಒಂದು ಸಲವೂ ಪೆಪ್ಟೈಡ್ ಎಂಬ ಪದ ಅವನ ಬಾಯಲ್ಲಿ ನೆಟ್ಟಗೆ ಬರಲಿಲ್ಲ. ಪೆಪ್ಪಟೈಟ್, ಪೆಟ್ಟೈಪ್, ಕೊನೆಗೆ ಟೈಪೆಟ್. ಪ್ರತಿ ಸಲವೂ ಸಭೆ ಚಪ್ಪಾಳೆ ತಟ್ಟಿತು. ಅರ್ಥವಾಗದ್ದಕ್ಕೆ ಚಪ್ಪಾಳೆ ತಟ್ಟುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ ಎಂದುಕೊಂಡಳು ಪುಷ್ಪಲತಾ.

ಅವನು ಕುಳಿತ ಮೇಲೆ ಆಕೆ ಬಗ್ಗಿ ಕೇಳಿದಳು. "ಇದರಾಗ ಏನೈತ್ರಿ?"

"ಹುರುಳಿ, ಅಗಸಿ, ನುಗ್ಗಿಸೊಪ್ಪು, ಚೂರು ಯಾಲಕ್ಕಿ. ಎಲ್ಲಾದ್ರಾಗೂ ಪ್ರೋಟೀನ್ ಐತಿ. ಪೇಪರಿನ್ಯಾಗ ನೀವ ಹೇಳೀರಲ್ರಿ ಮೇಡಂ, ಅದು ಪ್ರೋಟೀನ್ ತುಣುಕು ಅಂತ!" ಏಕಾಂತಪ್ಪನ ಮುಖದಲ್ಲಿ ಕಪಟದ ಸುಳಿವೇ ಇರಲಿಲ್ಲ, ಹೊಸ ಅಳಿಯನಂತೆ ಮಿನುಗುತ್ತಿದ್ದ. "ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ, ಎಲ್ಲಾ ಕಡಿ ಹೊಂಟೈತ್ರಿ."

ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರ ಕಾಲುಗಳನ್ನು ಆಕೆ ನೋಡಿದಳು. ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಹೂತುಹೋಗಿತ್ತು. ಮಾತು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವನ್ನೂ ಕುರ್ಚಿಯ ಮೇಲಿಟ್ಟು, ಇಡೀ ಸಭೆಯ ಎದುರೇ ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕುಳಿತಳು. ನಮಸ್ಕಾರ ಮಾಡುತ್ತಿದ್ದಾಳೆಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಆಕೆ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಒತ್ತಿದ ಕಡೆ ಗುಳಿ ಹಾಗೇ ಉಳಿಯಿತು.

"ಸರ್, ಹಾರ್ಟಿಗೆ ಕೊಟ್ಟ ನೀರಿಳಿಸೋ ಮಾತ್ರಿ ತಗೊಳ್ಳಾಕತ್ತೀರಿಲ್ಲ?"

"ಬಿಟ್ಟು ಒಂದು ತಿಂಗಳಾತವ್ವ."

"ಯಾಕ್ರಿ?"

ಮೇಷ್ಟ್ರು ಬ್ಯಾನರಿನ ಕಡೆ ನೋಡಿ ಸಂಕೋಚದಿಂದ ನಕ್ಕರು. "ಇದು ಬಂತಲ್ಲ. ಮಾತ್ರಿ ಬ್ಯಾಡ ಅಂದ ಏಕಾಂತಪ್ಪ. ನಿನ್ನ ಹೆಸರೈತಿ, ಫೋಟೊ ಐತಿ. ನೀ ಕಂಡುಹಿಡಿದಿದ್ದು ನಾ ಬಿಡಾಕಾಗತೈತೇನು?"

ಪುಷ್ಪಲತಾ ಎದ್ದು ಮೈಕಿನ ಬಳಿ ಹೋದಳು. ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ ಭಾಷಣ ಚೀಲದಲ್ಲೇ ಉಳಿಯಿತು.

"ಸಕ್ಕರಿ ಕಾಯಿಲಿಯವ್ರು ಇನ್ಸುಲಿನ್ ಚುಚ್ಚಿಕೊಳ್ಳೋದು ನೀವೆಲ್ಲಾ ನೋಡೀರಿ. ಯಾಕ ನುಂಗಂಗಿಲ್ಲ? ನುಂಗಿದ್ರ ಹೊಟ್ಟಿ ಅದನ್ನ ಬ್ಯಾಳಿ ಸಾರಿನಂಗ ಅರಗಿಸಿಬಿಡತೈತಿ. ಇನ್ಸುಲಿನ್ನೂ ಪೆಪ್ಟೈಡೇ. ನಾ ಕೆಲಸ ಮಾಡೋ ಹಾರ್ಮೋನೂ ಹಂಗ. ಅದು ಹುರುಳಿಯೊಳಗ ಇಲ್ಲ, ನುಗ್ಗಿಯೊಳಗ ಇಲ್ಲ, ಇದ್ರೂ ತಿಂದ್ರ ಉಳಿಯಂಗಿಲ್ಲ. ಈ ಡಬ್ಬಿಯೊಳಗ ಇರೋದು ಹಿಟ್ಟು. ರೊಟ್ಟಿ ಬಡಿಯಾಕೂ ಬರಂಗಿಲ್ಲ. ನಾ ಯಾವ ಔಷಧಾನೂ ಕಂಡುಹಿಡಿದಿಲ್ಲ. ಮಾತ್ರಿ ಬಿಟ್ಟೋರು ಇವತ್ತ ಡಾಕ್ಟರ ಹತ್ರ ಹೋಗ್ರಿ."

ಮಾತು ಮುಗಿಯುವುದೇ ತಡ, ಏಕಾಂತಪ್ಪ ಮೈಕಿಗೆ ಬಾಯಿ ಹಚ್ಚಿದ. "ಮೇಡಂ ಭಾಳ ವಿನಯದೋರು! ದೊಡ್ಡೋರು ತಮ್ಮ ಸಾಧನೆ ತಾವ ಹೇಳ್ಕೊಳ್ಳಂಗಿಲ್ಲ." ಆಗ ಬಂದದ್ದೇ ಆ ದಿನದ ಅತಿ ಜೋರಾದ ಚಪ್ಪಾಳೆ.

ಅವನಿಗೆ ಉತ್ತರ ಕೊಡುತ್ತ ನಿಂತರೆ ಮೇಷ್ಟ್ರಿಗೆ ಹೊತ್ತು ಮೀರುತ್ತಿತ್ತು. ಅವರ ಕೈ ಹಿಡಿದು ಮೆಟ್ಟಿಲಿಳಿಸಿ ಕಾರಿಗೆ ಕರೆದೊಯ್ದಳು. ಗುಲಾಬಿ ಸೀರೆಯ ಹೆಂಗಸೊಬ್ಬಳು ಓಡಿ ಬಂದು ಕಾರಿನ ಬಾಗಿಲು ಹಿಡಿದಳು.

"ಅಕ್ಕಾರ, ನಾ ನಾಗರತ್ನ, ನೀಲಗುಂದದ ಆಶಾ ಕಾರ್ಯಕರ್ತೆ. ನಮ್ಮೂರಾಗ ಭಾಳ ಮಂದಿ ಮಾತ್ರಿ ಬಿಟ್ಟಾರ್ರಿ. ನಾ ಹೇಳಿದ್ರ ಕೇಳಂಗಿಲ್ಲ. ಡಬ್ಬಿ ಮ್ಯಾಗ ನಿಮ್ಮ ಮುಖ ತೋರಿಸಿ ನನ್ನ ಬಾಯಿ ಮುಚ್ಚಿಸ್ತಾರ."

ಪುಷ್ಪಲತಾ ಆಕೆಯ ನಂಬರು ಬರೆದುಕೊಂಡಳು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಮೇಷ್ಟ್ರ ರಕ್ತ ಪರೀಕ್ಷೆಗೆ ಹೋಯಿತು. ಹೃದಯ ಎಷ್ಟು ಕಷ್ಟಪಡುತ್ತಿದೆಯೆಂದು ತಿಳಿಯಲು ವೈದ್ಯರು ಅಳೆಯುವುದು ಅದೇ ಹಾರ್ಮೋನಿನ ತುಣುಕನ್ನೇ. ಕೆಲವು ನೂರರಲ್ಲಿರಬೇಕಾದ ಅಂಕಿ ಒಂಬತ್ತು ಸಾವಿರ ದಾಟಿತ್ತು. ಲ್ಯಾಬಿನಲ್ಲಿ ಅಂಥ ಅಂಕಿ ಬಂದಾಗಲೆಲ್ಲ ಆಕೆ ಖುಷಿಪಟ್ಟಿದ್ದಳು. ಪ್ರಯೋಗ ಸರಿಯಾಯಿತೆಂದು ಅರ್ಥ. ಈ ಚೀಟಿಯನ್ನು ಹಿಡಿದು ಕಾರಿಡಾರಿನ ಬೆಂಚಿನ ಮೇಲೆ ಕುಳಿತಾಗ ತನ್ನ ಮೇಲೆಯೇ ಹೇಸಿಗೆಯಾಯಿತು. ಸೂಜಿಯಲ್ಲಿ ಕೊಟ್ಟ ಔಷಧಿಗೆ ಸಂಜೆಯ ಹೊತ್ತಿಗೆ ಮೂತ್ರ ಧಾರಾಳವಾಗಿ ಹೋಗಿ ಮೇಷ್ಟ್ರ ಉಸಿರು ಹಗುರಾಯಿತು. ಐದನೆಯ ದಿನ ಮನೆಗೆ ಹೋದರು, ಮಾತ್ರೆಯ ಸಮೇತ. ಒಂದು ತಿಂಗಳಲ್ಲಿ ಅವರ ಹೃದಯ ಕಳೆದುಕೊಂಡ ಬಲವಷ್ಟೂ ವಾಪಸು ಬರುವುದಿಲ್ಲವೆಂದು ವೈದ್ಯರು ಹೇಳಿದ್ದರು.

ಪುಷ್ಪಲತಾ ದೂರು ಬರೆದು ಔಷಧ ನಿಯಂತ್ರಣದ ಕಚೇರಿಗೆ ಹೋದಳು. ಇದು ಔಷಧವಲ್ಲ, ಆಹಾರ, ನಮಗೆ ಬರುವುದಿಲ್ಲ ಎಂದರು. ಆಹಾರ ಸುರಕ್ಷತೆಯ ಕಚೇರಿಗೆ ಹೋದಳು. ಆಹಾರ ಸರಿಯಾಗಿಯೇ ಇದೆ, ತಿಂದು ಯಾರಿಗೂ ವಿಷವೇರಿಲ್ಲ ಎಂದರು. ಮೇಜಿನ ಹಿಂದಿದ್ದವನು ಡಬ್ಬಿಯ ಫೋಟೊ ನೋಡಿ, ಆಕೆಯನ್ನು ನೋಡಿ, "ಫೋಟೊದಾಗ ಇನ್ನೂ ಚಲೋ ಕಾಣ್ತೀರಿ" ಎಂದ.

ಮರುದಿನ ನೀಲಗುಂದದಲ್ಲಿ ನಾಗರತ್ನಳ ಹಿಂದೆ ಮನೆ ಮನೆ ತಿರುಗಿದಳು. ಮಾತ್ರೆ ಬಿಟ್ಟವರು ಹನ್ನೊಂದು ಮಂದಿ. ಕೆಲವರು ಆಕೆಯ ಮುಖ ಕಂಡು ಗುರುತು ಹಿಡಿದು, ಬೈಸಿಕೊಂಡು, ಮತ್ತೆ ಮಾತ್ರೆ ತೆಗೆದುಕೊಳ್ಳುತ್ತೇವೆಂದರು. ಒಬ್ಬ ಮುದುಕ, ಡಬ್ಬಿಯ ಮೇಲಿರುವವಳು ಬೇರೆ, ನೀನು ಬೇರೆ ಎಂದು ವಾದಿಸಿದ. ಅವನ ಜೊತೆ ಅರ್ಧ ಗಂಟೆ ಜಗಳವಾಡಿದಳು.

ಕೊನೆಯದು ಓಬಣ್ಣನ ಮನೆ. ಓಬಣ್ಣ ತೀರಿಹೋಗಿ ಹನ್ನೆರಡು ದಿನವಾಗಿತ್ತು. ಅವನ ಹೆಂಡತಿ ಎರ್ರೆಮ್ಮ ಇಬ್ಬರಿಗೂ ನೀರು ಕೊಟ್ಟು, ಒಳಗಿನಿಂದ ಅರ್ಧ ಖಾಲಿಯಾದ ಹಸಿರು ಡಬ್ಬಿ ತಂದಿಟ್ಟಳು.

"ಒಂದ ತಿಂಗಳು ಮೊದಲ ಇದನ್ನ ತಂದಿದ್ರ ಉಳೀತಿದ್ದ ಏನವ್ವ?"

ಪುಷ್ಪಲತಾಳ ನಾಲಿಗೆಯ ತುದಿಯಲ್ಲಿ ಏಕಾಂತಪ್ಪನಿಗೆಂದು ಇಟ್ಟುಕೊಂಡ ಮಾತುಗಳೆಲ್ಲ ಇದ್ದವು. ಈ ಹೆಂಗಸಿನೆದುರು ಅವಕ್ಕೆ ಕೆಲಸವಿರಲಿಲ್ಲ.

"ಇಲ್ಲವ್ವ. ಇದರಾಗ ಔಷಧ ಇಲ್ಲ."

"ಹಂಗಾದ್ರ ಮಾತ್ರಿ ಬಿಟ್ಟಿದ್ದ ತಪ್ಪಾತೇನು?"

"ತಪ್ಪು ನಿಮ್ದಲ್ಲ. ಬಿಡಬಾರದಿತ್ತು. ಮಾತ್ರಿ ತಗೊಂಡಿದ್ರ ಉಳೀತಿದ್ದ ಅಂತ ನಾ ಹೇಳಾಕಾಗಂಗಿಲ್ಲ. ಯಾರಿಗೂ ಗೊತ್ತಿಲ್ಲ. ಆದ್ರ ಬಿಡು ಅಂತ ಹೇಳಿದೋರದು ತಪ್ಪು. ಪೇಪರಿನ್ಯಾಗ ಸುಳ್ಳು ಬಂದಾಗ ನಾ ನಕ್ಕು ಸುಮ್ನ ಕುಂತೆ. ನಂದೂ ತಪ್ಪು."

ಎರ್ರೆಮ್ಮ ಅಳಲಿಲ್ಲ. ಡಬ್ಬಿಯ ಮುಚ್ಚಳ ಬಿಗಿದು ಪುಷ್ಪಲತಾಳ ಮುಂದೆ ಸರಿಸಿದಳು. ಆಮೇಲೆ ಕೇಳಿದಳು, "ಎಲ್ಲಿ ಹೆಬ್ಬಟ್ಟು ಒತ್ತಬೇಕು ಹೇಳು. ಆ ಏಕಾಂತಪ್ಪ ನಮ್ಮನಿ ಕಟ್ಟಿ ಮ್ಯಾಗ ಕುಂತು ಮಾತ್ರಿ ಬ್ಯಾಡ ಅಂದಾನ. ನಾ ಕಿವಿಲೆ ಕೇಳೀನಿ."

ಎರ್ರೆಮ್ಮ ಹೆಬ್ಬಟ್ಟು ಒತ್ತಿದ ಹೇಳಿಕೆಯ ಪ್ರತಿಯನ್ನು ಪುಷ್ಪಲತಾ ಎರಡೂ ಕಚೇರಿಗಳಿಗೆ ಕೊಟ್ಟಳು. ಆಮೇಲೆ ಹೋದ ವರ್ಷದ ಆ ವರದಿಗಾರನಿಗೆ ಫೋನ್ ಮಾಡಿ, ಒಂದೊಂದು ವಾಕ್ಯವನ್ನೂ ಬರೆಸಿ, ತಲೆಬರಹ ಸಹಿತ ತಿರುಗಿ ಓದಿಸಿಕೊಂಡಳು. ಅಚ್ಚಾದ ದಿನವೇ ಎರಡು ಕಚೇರಿಗಳಿಗೂ ಒಟ್ಟಿಗೇ ಕಾನೂನು ನೆನಪಾಯಿತು. ಕೊಟ್ಟೂರು, ಹರಪನಹಳ್ಳಿಯ ಅಂಗಡಿಗಳಿಂದ ಡಬ್ಬಿಗಳನ್ನು ಹೊತ್ತೊಯ್ದರು. ಏಕಾಂತಪ್ಪನ ಮೇಲೆ ಕೇಸಾಯಿತು. ಎರಡೇ ತಿಂಗಳಲ್ಲಿ ಅವನು ಹಗರಿಬೊಮ್ಮನಹಳ್ಳಿಯಲ್ಲಿ ಭಾವಮೈದುನನ ಹೆಸರಿನಲ್ಲಿ ಮಂಡಿನೋವಿನ ಎಣ್ಣೆ ಶುರುಮಾಡಿದ. ಅದರ ಮೇಲೆ ಯಾವ ವಿಜ್ಞಾನಿಯ ಫೋಟೊವೂ ಇರಲಿಲ್ಲ, ಅಷ್ಟು ಕಲಿತಿದ್ದ.

ವರದಿ ಅಚ್ಚಾದ ವಾರವೇ ಬೆಂಗಳೂರಿಗೆ ಮರಳಿದ ಪುಷ್ಪಲತಾಗೆ ಮೇಜಿನ ಮೇಲೆ ಸಂಸ್ಥೆಯ ನೋಟಿಸು ಕಾದಿತ್ತು. ಅನುಮತಿಯಿಲ್ಲದೆ ಪತ್ರಿಕೆಗೆ ಹೇಳಿಕೆ ಕೊಟ್ಟು ಸಂಸ್ಥೆಯ ಘನತೆಗೆ ಕುಂದು ತಂದಿದ್ದೀರಿ, ಏಳು ದಿನದೊಳಗೆ ವಿವರಣೆ ಕೊಡಿ ಎಂದಿತ್ತು. ಮದ್ದು ಕಂಡುಹಿಡಿದಳು ಎಂಬ ಸುಳ್ಳು ಅಚ್ಚಾದಾಗ ಅದೇ ಸಂಸ್ಥೆ ಆ ತುಣುಕನ್ನು ಚೌಕಟ್ಟು ಹಾಕಿಸಿ ನೋಟಿಸ್ ಬೋರ್ಡಿಗೆ ತೂಗುಹಾಕಿತ್ತು.

ಆಕೆ ಅಲ್ಲೇ ಕುಳಿತು ವಿವರಣೆ ಬರೆದಳು, ನಾಲ್ಕು ಪುಟ, ಕನ್ನಡದಲ್ಲಿ. ನಿರ್ದೇಶಕರಿಗೆ ಕನ್ನಡ ಓದಲು ಬರುವುದಿಲ್ಲವೆಂದು ಗುಮಾಸ್ತ ಹೇಳಿದ.

"ಓದಿ ಹೇಳೋರನ್ನು ಹುಡುಕಿಕೊಳ್ಳಲಿ" ಎಂದು ಸಹಿ ಹಾಕಿ, ತಲುಪಿದ್ದಕ್ಕೆ ಮುದ್ರೆ ಒತ್ತಿಸಿಕೊಂಡು ಲ್ಯಾಬಿಗೆ ಹೋದಳು.