ಹವಳದ ತೊಟ್ಟಿಗೆ ನೀರು ಹಾಕಿದವರು

ಹವಳ ಅವತ್ತೂ ಬಾಯಿ ಬಿಡಲಿಲ್ಲ. ಇಸ್ರಾರ್ ದೀಪ ಹಾಕಿ, ತೊಟ್ಟಿಯ ಗಾಜಿಗೆ ಹಣೆ ಒತ್ತಿಕೊಂಡು ನೋಡಿದ. ಪಾಚಿ ತಿನ್ನಲೆಂದು ಬಿಟ್ಟಿದ್ದ ಬಸವನಹುಳುಗಳು ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಒಂದನ್ನು ಇಕ್ಕಳದಲ್ಲಿ ಎತ್ತಿ ಮೂಸಿದ, ಮುಖ ಕಿವುಚಿದ. ಅಂಗಡಿಯ ಹಿಂದಿನ ಮೆಟ್ಟಿಲು ಹತ್ತಿ ಮನೆಗೆ ಬಂದವನು, ಚಾ ಕುಡಿಯುತ್ತಿದ್ದ ಅಪ್ಪ ಅಮ್ಮನ ಮುಂದೆಯೇ ಹೆಂಡತಿಯ ಮೇಲೆ ಹರಿಹಾಯ್ದ.

"ಮಹಜಬೀನ್, ನಿನ್ನೆ ಗಾಜು ಒರೆಸ್ದೆ ತಾನೆ? ಆ ನೀಲಿ ನೀರು ಚಿಮುಕ್ಸಿ?"

"ಬಾಗಿಲ ಗಾಜು ಒರೆಸ್ದೆ. ತೊಟ್ಟಿದಲ್ಲ."

"ಬಾಗಿಲಿಗೂ ತೊಟ್ಟಿಗೂ ಎಷ್ಟು ದೂರ? ಗಾಳಿಗೆ ಹಾರಲ್ವಾ? ಇಲ್ಲಾಂದ್ರೆ ಕ್ರೀಮ್ ಹಚ್ಕಂಡ ಕೈನ ನೀರಿಗೆ ಅದ್ದಿರ್ತೀಯ. ಇಷ್ಟು ದಿನದ ಕೆಲ್ಸ ಹಾಳು ಮಾಡ್ಬುಟ್ಟೆ. ಇನ್ಮೇಲೆ ಅಂಗಡಿಗೆ ಇಳೀಬೇಡ."

ಮಾವ ಕರೀಮ್ ಸಾಬ್ ತಲೆ ತಗ್ಗಿಸಿ ಚಾ ಹೀರಿದರು. ಅತ್ತೆ ಅಮೀರ್ ಬಿ ಮಾತ್ರ ಬಿಡಲಿಲ್ಲ. "ಎಲ್ಲಾದಕ್ಕೂ ಕೈ ಹಾಕ್ಬೇಡ ಅಂತ ನಾನು ಮೊದ್ಲೇ ಅಂದಿದ್ದೆ ಕಣಮ್ಮ" ಎಂದರು.

ಮಹಜಬೀನ್ ಒಲೆಯ ಕಡೆ ತಿರುಗಿಕೊಂಡಳು. ಅಳು ಬರಲಿಲ್ಲ, ಸಿಟ್ಟು ಬಂತು. ಆ ತೊಟ್ಟಿಯ ಅರ್ಧ ಕೆಲಸ ಅವಳದ್ದೇ.

ಶಿರಾ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಸ್ರಾರನ ಮೀನಿನ ಅಂಗಡಿ. ಗೋಲ್ಡ್ ಫಿಶ್ಶು, ಗಪ್ಪಿ, ಕಾಳು, ಗಾಳಿ ಪಂಪು ಎಲ್ಲ ಊರಿನಲ್ಲೂ ಸಿಗುವಂಥದ್ದೇ. ಸಿಗದಿದ್ದದ್ದು ಗೋಡೆಯುದ್ದದ ಉಪ್ಪುನೀರಿನ ತೊಟ್ಟಿ. ವರ್ಷಗಟ್ಟಲೆ ಅದರಲ್ಲಿ ಬರೀ ಮೀನುಗಳಿದ್ದವು. ಅವುಗಳಲ್ಲಿ ಒಂದು ಟ್ರಿಗರ್ ಮೀನು, ಕೈ ಹಾಕಿದವರ ಬೆರಳಿಗೇ ಬಾಯಿ ಹಾಕುವ ಪುಂಡ. ಮಧುಗಿರಿಯ ಹಲ್ಲಿನ ಡಾಕ್ಟರು ನವೀನ್ ಕುಮಾರ್ ಒಮ್ಮೆ ಬಂದವರು, "ಇದೇ ತೊಟ್ಟಿನ ಹವಳದ ತೊಟ್ಟಿ ಮಾಡಿ ಜೀವಂತ ಇಟ್ಟು ತೋರ್ಸು. ನನ್ನ ಆಸ್ಪತ್ರೆಗೂ ಒಂದು ಮಾಡಿಸ್ತೀನಿ. ಹಲ್ಲು ಕೀಳಿಸ್ಕೊಳ್ಳೋರು ಅದನ್ನ ನೋಡ್ತಾ ಕೂತಿರ್ಲಿ" ಎಂದಿದ್ದರು.

ಇಸ್ರಾರನಿಗೆ ಆಸೆ ಹುಟ್ಟಿತು, ಆದರೆ ದಾರಿ ಗೊತ್ತಿರಲಿಲ್ಲ. ಮಹಜಬೀನ್ ಕೊರಟಗೆರೆಯವಳು, ಮದುವೆಗೆ ಮುಂಚೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಮೊಬೈಲಿನಲ್ಲಿ ಇಂಗ್ಲಿಷ್ ಓದಿ ಓದಿ ಅವನಿಗೆ ಬಿಡಿಸಿ ಹೇಳಿದಳು. ಟ್ರಿಗರನ್ನೂ ಅದರಂಥ ಪುಂಡರನ್ನೂ ತುಮಕೂರಿನ ಒಬ್ಬರಿಗೆ ಕೊಟ್ಟರು, ಸಾಧು ಮೀನುಗಳನ್ನು ಉಳಿಸಿಕೊಂಡರು. ಕಲ್ಲು ಜೋಡಿಸಿದರು, ನೀಲಿ ದೀಪ ಕಟ್ಟಿದರು. ನಮ್ಮ ಸಮುದ್ರದ ಹವಳ ಮಾರುವುದು ಅಪರಾಧ, ಹಾಗಾಗಿ ಹೊರದೇಶದಲ್ಲಿ ಸಾಕಿ ಬೆಳೆಸಿದ ಮೆದು ಹವಳಗಳನ್ನು ಬೆಂಗಳೂರಿನಿಂದ ಬಿಲ್ಲಿನ ಸಮೇತ ತಂದರು. ಪಕ್ಕದ ಪಂಚರ್ ಅಂಗಡಿಯ ಪಾಲಣ್ಣ ನೋಡಿ ನಕ್ಕಿದ್ದ: "ಮೀನು ಹೊರಗಾಕಿ ಕಲ್ಲು ಸಾಕ್ತಾವ್ರೆ ಗಂಡ ಹೆಂಡ್ತಿ. ಕಲ್ಲು ಬೇಕಂದಿದ್ರೆ ಮಧುಗಿರಿ ಬೆಟ್ಟನೇ ಇರ್ನಿಲ್ವೇನ್ಲಾ!"

ಅಂಗಡಿಗೆ ಬಂದವರು ಅವಳನ್ನು ಮೇಡಂ ಎನ್ನುತ್ತಿದ್ದರು. ಮೇಲಿನ ಮನೆಯಲ್ಲಿ ಅವಳು ಹಿಟ್ಟು ಕಲಸುವ ಸೊಸೆ, ಅಷ್ಟೆ. ಇಳಿಯಬೇಡ ಎಂದರೆ ಅವಳ ಪಾಲಿಗೆ ಉಳಿಯುವುದು ಹಿಟ್ಟಿನ ಪಾತ್ರೆ ಮಾತ್ರ.

ಅವಳು ಇಳಿಯಲಿಲ್ಲ. ಆ ವಾರ ದೊಡ್ಡ ಹವಳವೊಂದು ಲೋಳೆ ಲೋಳೆಯಾಗಿ ಕರಗಿ ಹೋಯಿತೆಂದು ತಿಳಿಯಿತು. ಅವಳು ಗಾಜಿನ ಹತ್ತಿರ ಹೋಗದಿದ್ದರೂ ಸತ್ತಿತಲ್ಲ ಎಂದು ಯಾರೂ ಕೇಳಲಿಲ್ಲ. ಮೊದಲೇ ನಂಜಾಗಿತ್ತು, ಈಗ ಸತ್ತಿದೆ ಎಂದರು.

ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಸರಿಹೋಯಿತು. ಅಂಗಿ ಗುಂಡಿಯಷ್ಟಗಲದ ಹವಳಗಳು ಒಂದೊಂದೇ ಅರಳಿದವು. ಹೊಸದಾಗಿ ಬಿಟ್ಟ ಬಸವನಹುಳುಗಳು ಗಾಜಿನ ಮೇಲೆ ಹರಿದಾಡತೊಡಗಿದವು. ಕರೀಮ್ ಸಾಬ್ ಊಟಕ್ಕೆ ಕೂತಾಗ ಖುಷಿಯಿಂದ ಹೇಳಿದರು: "ನೋಡಿದ್ಯಾ ಅಮೀರ್ ಬಿ? ಹೆಣ್ಮಕ್ಳು ಓಡಾಡೋದು ನಿಂತ ಮೇಲೆ ಹೆಂಗೆ ಹೂವಾಗ್ಯದೆ!"

ಮಹಜಬೀನ್ ಗಂಡನ ಮುಖ ನೋಡಿದಳು. ಅವನು ಅನ್ನ ಕಲಸುತ್ತಾ ಕೂತಿದ್ದ, ತಲೆ ಎತ್ತಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಇವನಿಗೆ ಏನೋ ಗೊತ್ತು ಎಂದು ಅವಳಿಗೆ ಆಗಲೇ ಅನ್ನಿಸಿತು.

ಮಾರನೆಯ ದಿನ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಳು. ನೀರಿನ ಟ್ಯಾಂಕಿನ ಹಿಂದೆ ಗೋಣಿಚೀಲದಡಿ ಏನೋ ಉಬ್ಬಿಕೊಂಡಿತ್ತು. ಚೀಲ ಎಳೆದರೆ ಮಾವನ ತಾಮ್ರದ ಬಿಂದಿಗೆ.

ಉಪ್ಪುನೀರಿನ ತೊಟ್ಟಿಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಆರಿದಷ್ಟು ಸಿಹಿನೀರನ್ನು ದಿನಾ ಹಾಕಬೇಕು. ಅದು ಮೊದಲಿನಿಂದಲೂ ಮಾವನ ಕೆಲಸ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸುತ್ತಿದ್ದರು. "ಮಿಷನ್ ನೀರಲ್ಲಿ ಸತ್ವ ಇಲ್ಲ, ತಾಮ್ರದಲ್ಲಿ ನಿಂತ್ರೆ ಜೀವ ಬರುತ್ತೆ" ಎಂದು ಆ ನೀರನ್ನು ಈ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ನಮಾಜು ಮುಗಿಸಿ ಬಂದು ತೊಟ್ಟಿಗೆ ಸುರಿಯುತ್ತಿದ್ದರು. ಈಗೊಂದಷ್ಟು ದಿನದಿಂದ ಇಸ್ರಾರ್, "ನಿಮ್ಮ ಸೊಂಟಕ್ಕೆ ಭಾರ ಆಗಲ್ಲ ಅಬ್ಬಾ" ಎಂದು ಆ ಕೆಲಸ ತಾನೇ ವಹಿಸಿಕೊಂಡಿದ್ದ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸುರಿಯುತ್ತಿದ್ದ.

ಬಿಂದಿಗೆಯನ್ನು ಬಿಸಿಲಿಗೆ ವಾಲಿಸಿ ಒಳಗೆ ಇಣುಕಿದಳು. ತಾಮ್ರ ಬಿಟ್ಟುಕೊಳ್ಳದ ಹಾಗೆ ಒಳಗೆ ಬಳಿದ ಕಲಾಯಿಯ ಬಿಳುಪು ಅಲ್ಲಲ್ಲಿ ಹೋಗಿ ಕೆಂಪು ಮೈ ಕಾಣುತ್ತಿತ್ತು. ತಳದಲ್ಲಿ ಹಸಿರು ಕಿಲುಬು. ಮೀನಿಗೆ ಬಿಳಿ ಚುಕ್ಕೆ ಬಂದಾಗ ಹಾಕುವ ಔಷಧಿಯ ಬಾಟಲಿ ಅಂಗಡಿಯಲ್ಲೇ ಇತ್ತು. ಅದರ ಚೀಟಿಯನ್ನು ಅವಳೇ ಓದಿ ಹೇಳಿದ್ದಳು: ಇದರಲ್ಲಿ ತಾಮ್ರವಿದೆ, ಹವಳ, ಸೀಗಡಿ, ಬಸವನಹುಳು ಇರುವ ಕಡೆ ಹಾಕಬಾರದು. ಮೀನು ಒಂದಿಷ್ಟು ತಾಮ್ರ ತಡೆಯುತ್ತದೆ. ಹವಳ ತಡೆಯುವುದಿಲ್ಲ. ಬರೀ ಮೀನಿದ್ದ ಕಾಲದಲ್ಲಿ ಇದೇ ನೀರು ಯಾರನ್ನೂ ಕೊಂದಿರಲಿಲ್ಲ.

ಇಸ್ರಾರ್ ಊಟಕ್ಕೆ ಬಂದಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕೇಳಿದಳು. "ಬಿಂದಿಗೆ ಯಾಕೆ ಬಚ್ಚಿಟ್ರಿ?"

ಅವನು ಸುಳ್ಳು ಹುಡುಕಿದ. ಸಿಗಲಿಲ್ಲ. "ಹವಳ ಕೊಟ್ಟ ಬೆಂಗಳೂರಿನವನು ನೀರಲ್ಲಿ ತಾಮ್ರ ಇದ್ಯಾ ಪರೀಕ್ಷೆ ಮಾಡು ಅಂದ. ಮಾಡ್ದೆ. ಬಂತು."

"ಅಬ್ಬಾಗೆ ಹೇಳಿದ್ರಾ?"

"ಹೆಂಗೆ ಹೇಳ್ಲಿ? ಜೀವನವಿಡೀ ಪಾವಗಡ, ಮಿಡಿಗೇಶಿ, ಚನ್ನರಾಯನದುರ್ಗ ಅಂತ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕ್ದೋರು. ಆ ಬಿಂದಿಗೆಗೂ ಅವ್ರೇ ಹಾಕಿದ್ದು. ನಿಮ್ಮ ಕಲಾಯಿ ಹೋಗ್ಯದೆ, ನೀವೇ ಕೊಂದಿದ್ದು ಅನ್ಲಾ?"

"ನನಗೆ ಅಂದ್ರಲ್ಲ."

"ಲೇ, ಅದು ಬೇರೆ."

"ಹೆಂಗೆ ಬೇರೆ?"

ಅವನು ಧ್ವನಿ ತಗ್ಗಿಸಿದ. "ಭಾನುವಾರ ಡಾಕ್ಟರು ಬರ್ತಾರೆ. ಅಲ್ಲೀಗಂಟ ಸುಮ್ನಿರು. ಆಮೇಲೆ ನಾನೇ ಅಬ್ಬಾಗೆ ನಿಧಾನಕ್ಕೆ ಹೇಳ್ತೀನಿ. ಆಣೆ."

ಅವಳು ಸುಮ್ಮನಿದ್ದಳು. ನಂಬಿಕೆಯಿಂದಲ್ಲ, ಇವನು ಎಲ್ಲಿಯವರೆಗೆ ಹೋಗುತ್ತಾನೆ ನೋಡೋಣ ಎಂದು.

ಭಾನುವಾರ ಮಧ್ಯಾಹ್ನ ಡಾಕ್ಟರು ಬಂದರು. ಚಾ ಕೊಡಲೆಂದು ಅವಳು ಇಳಿದು ಮೆಟ್ಟಿಲ ಬಳಿ ನಿಂತಿದ್ದಳು. ನವೀನ್ ಕುಮಾರ್ ಬಗ್ಗಿ ಬಗ್ಗಿ ನೋಡಿ ತಲೆದೂಗಿದರು. "ಬಲು ಚಂದ ಇಸ್ರಾರ್. ಮಧ್ಯೆ ನೀನು ಸಾಯ್ತಾವೆ ಅಂದಿದ್ದೆ ಫೋನಲ್ಲಿ. ಏನಾಗಿತ್ತು?"

ಇಸ್ರಾರ್ ಬಾಯಿ ತೆರೆಯುವ ಮೊದಲೇ ಕರೀಮ್ ಸಾಬ್ ನಕ್ಕರು. "ಏನಿಲ್ಲ ಡಾಕ್ಟ್ರೇ, ನಮ್ಮ ಸೊಸೆ ಗಾಜು ಒರೆಸ್ತೀನಿ ಅಂತ ಹೋಗಿ ಸಮುದ್ರಾನೇ ಒರೆಸಿಬಿಟ್ಟಿದ್ಲು!"

ಡಾಕ್ಟರು ನಕ್ಕರು. ಇಸ್ರಾರನೂ ನಕ್ಕ.

ಮಹಜಬೀನ್ ಲೋಟಗಳನ್ನು ಮೆಟ್ಟಿಲ ಮೇಲಿಟ್ಟು ಮಾಳಿಗೆಗೆ ಹೋದಳು. ಗೋಣಿಚೀಲ ಎಸೆದು, ಬಿಂದಿಗೆಗೆ ಅರ್ಧ ನೀರು ತುಂಬಿಕೊಂಡಳು. ಸೊಂಟದ ಮೇಲಿಟ್ಟುಕೊಂಡು ಇಳಿದು ಬಂದು ತೊಟ್ಟಿಯ ಪಕ್ಕದ ಸ್ಟೂಲು ಹತ್ತಿದಳು. ಬಿಂದಿಗೆಯ ಬಾಯಿ ನೀರಿನ ಮೇಲೆ ವಾಲಿತು.

"ಅಬ್ಬಾ, ಇವತ್ತು ನೀರು ಕಮ್ಮಿ ಆಗ್ಯದೆ. ನಿಮ್ಮ ಬಿಂದಿಗೇಲಿ ತಂದೆ. ಸುರೀಲಾ?"

"ಅರೆ, ಎಲ್ಲಿತ್ತು ಇದು? ಹುಡುಕಿ ಸಾಕಾಗಿತ್ತು. ಸುರಿ ಬೇಟಿ."

"ನಿಮ್ಮ ಮಗನ್ನೂ ಒಂದ್ಮಾತು ಕೇಳಿ."

ಇಸ್ರಾರ್ ಮುಂದೆ ಬಂದ. "ಮಹಜಬೀನ್, ಇಳಿ."

"ಯಾಕೆ?"

"ಇಳಿ ಅಂದೆ."

ಅವಳು ಇನ್ನಷ್ಟು ವಾಲಿಸಿದಳು. ನೀರು ಬಿಂದಿಗೆಯ ಕಂಠಕ್ಕೆ ಬಂದು ನಿಂತಿತು. ಕೆಳಗೆ ಹವಳಗಳು ಅರಳಿಕೊಂಡಿದ್ದವು. ಅವನ್ನು ಸಾಕಿದವಳೂ ಅವಳೇ. ಅವನು ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಸುರಿಯುತ್ತಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿರಲಿಲ್ಲ.

"ಬೇಡ!" ಇಸ್ರಾರ್ ಕಿರುಚಿದ. "ಅದ್ರಲ್ಲಿ ತಾಮ್ರ ಅದೆ! ಅದೇ ಅವನ್ನ ಕೊಂದಿದ್ದು!"

ಮಹಜಬೀನ್ ಬಿಂದಿಗೆಯನ್ನು ನೆಟ್ಟಗೆ ಮಾಡಿ ಸ್ಟೂಲಿನಿಂದ ಇಳಿದಳು. ಕರೀಮ್ ಸಾಬ್ ಕೈ ಚಾಚಿ ಅದನ್ನು ಇಸಿದುಕೊಂಡು, ನೀರನ್ನು ಬಾಗಿಲಾಚೆ ಚೆಲ್ಲಿ, ಒಳಗೆ ಬೆರಳಾಡಿಸಿದರು. ಕಲಾಯಿಯವನ ಬೆರಳಿಗೆ ಬೆಳಕು ಬೇಕಿರಲಿಲ್ಲ.

"ಯಾವತ್ತು ಗೊತ್ತಾಯ್ತು ನಿಂಗೆ?" ಮಗನನ್ನು ಕೇಳಿದರು.

"ಹೋದ ತಿಂಗಳು."

"ಅದಾದ್ಮೇಲೆ ನಾನು ಇವಳ ಬಗ್ಗೆ ಆಡಿದ್ದೆಲ್ಲ ನೀನು ಕೇಳ್ಕಂಡು ಕೂತಿದ್ಯಾ?"

ಮಾವ ಸೊಸೆಯ ಮುಖ ನೋಡಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. "ಇಷ್ಟು ವರ್ಷ ಒಂದು ಮೀನೂ ಸತ್ತಿರ್ಲಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡು, ಬಿಂದಿಗೆ ಹಿಡಿದು ಬೀದಿಗಿಳಿದು ಹೋದರು.

ಡಾಕ್ಟರು ಗಡಿಯಾರ ನೋಡಿಕೊಂಡರು. "ಇಸ್ರಾರ್, ಇದು ಬಲು ಸೂಕ್ಷ್ಮದ ವ್ಯವಹಾರ ಅನ್ಸುತ್ತೆ. ಆಸ್ಪತ್ರೇಲಿ ಯಾರ್ಯಾರೋ ಕೈ ಹಾಕ್ತಾರೆ. ನಂಗೆ ಬರೀ ಮೀನೇ ಸಾಕಪ್ಪ, ಅದೂ ನೋಡೋಣ." ಅವರ ಕಾರು ಹೋದ ಮೇಲೆ ಇಸ್ರಾರ್ ಹೆಂಡತಿಯ ಕಡೆ ತಿರುಗಿದ.

"ಆರ್ಡರ್ ಹೋಯ್ತು. ಅಬ್ಬಾ ಮರ್ಯಾದೆ ಹೋಯ್ತು. ಈಗ ಸಮಾಧಾನ ಆಯ್ತಾ?"

"ಇಲ್ಲ. ನೀವು ನನ್ನ ಬೈದಾಗ ಅಮ್ಮಿನೂ ಇದ್ರು. ಅವ್ರಿಗೂ ಹೇಳ್ಬೇಕು."

"ನೀನೇ ಹೇಳ್ಕೋ ಹೋಗು."

"ನಾನು ಹೇಳಿದ್ರೆ ಅದು ಸೊಸೆ ಚಾಡಿ. ನೀವು ಹೇಳಿ."

ಅವಳು ಗಲ್ಲಾದ ಹಿಂದಿನ ಕುರ್ಚಿ ಎಳೆದು ಕೂತಳು. ಇಸ್ರಾರ್ ಅವಳನ್ನೂ ಅರಳಿದ ಹವಳವನ್ನೂ ನೋಡಿದ. ಕೊನೆಗೆ ಮೆಟ್ಟಿಲು ಹತ್ತಿದ, ಸಾಲ ವಾಪಸು ಕೊಡಲು ಹೊರಟವನ ಹಾಗೆ, ಒಂದೊಂದು ಮೆಟ್ಟಿಲಿಗೂ ನಿಂತು.

ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದು ಗಪ್ಪಿ ಜೋಡಿ ಎಷ್ಟು ಮೇಡಂ ಎಂದಳು. ಮಹಜಬೀನ್ ತಲೆಯ ಮೇಲೆ ಗರಗರ ಸದ್ದು ಮಾಡುತ್ತಿದ್ದ ಫ್ಯಾನ್ ಆರಿಸಿದಳು.

"ಒಂದ್ನಿಮಿಷ ತಡೀಮ್ಮ" ಎಂದು, ಮೇಲಿನ ಮನೆಯಲ್ಲಿ ಗಂಡ ಅಮ್ಮಿಗೆ ಹೇಳುವ ಮಾತಿಗೆ ಕಿವಿಗೊಟ್ಟು ಕೂತಳು.