ಹೆಡ್‌ಮಾಸ್ಟರ್ ತಿದ್ದಿದ ಕೊನೆ

ನಮ್ಮ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಆದರೆ ವಾರಕ್ಕೊಂದು ವಿಶ್ವಸಾಹಿತ್ಯದ ಪೀರಿಯಡ್ ಇದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಇದು ನಮ್ಮ ಹೆಡ್‌ಮಾಸ್ಟರ್ ಕಂಡ ಕನಸು. ನೋಟಿಸ್ ಬೋರ್ಡಿನ ಅಲ್ಪವಿರಾಮವನ್ನೂ ಬಿಡದೆ ತಿದ್ದುವ ಅವರಿಗೆ ಮಕ್ಕಳಿಟ್ಟ ಹೆಸರು ಕೆಂಪು ಪೆನ್ನು.

ಭಾಷೆಯ ಟೀಚರ್ ಆದ ತಪ್ಪಿಗೆ ಮೊದಲ ಕಥೆಯ ಅನುವಾದ ನನ್ನ ತಲೆಗೆ ಬಿತ್ತು. ಹಿಮ ಬೀಳುವ ದೇಶದ್ದೊಂದನ್ನು ಆರಿಸಿಕೊಂಡೆ. ಬಟ್ಟೆ ಒಗೆದು ಬದುಕುವ ತಾಯಿಯೊಬ್ಬಳು ಒಂದು ಬೆಳಿಗ್ಗೆ ಮನೆ ಬಿಟ್ಟು ಹೋಗುತ್ತಾಳೆ. ಮಗಳು ದಿನವೂ ಅವಳ ಲೋಟ ತೊಳೆದಿಡುತ್ತಾಳೆ. ತಾಯಿ ಬರುವುದೇ ಇಲ್ಲ. ಕೊನೆಗೊಂದು ದಿನ ಮಗಳು ಆ ಲೋಟದಲ್ಲಿ ತಾನೇ ಹಾಲು ಕುಡಿಯುತ್ತಾಳೆ. ನನ್ನ ಏಳನೇ ಕ್ಲಾಸಿನ ಒಬ್ಬ ಹುಡುಗಿಯ ಅಮ್ಮನೂ ಹೀಗೇ ಹೋದವಳು. ಅದರ ಬಗ್ಗೆ ಅವಳ ಹತ್ತಿರ ಯಾರೂ ಬಾಯಿ ಬಿಡುತ್ತಿರಲಿಲ್ಲ. ದೂರದವರಾದರೂ ಮಾತಾಡಲಿ ಎಂದುಕೊಂಡೆ.

ಕೆಂಪು ಪೆನ್ನು ಹಿಮವನ್ನು ಮಳೆ ಮಾಡಿತು, ಬಟ್ಟೆ ಒಗೆಯುವವಳನ್ನು ನರ್ಸ್ ಮಾಡಿತು. ಮಕ್ಕಳ ಮನಸ್ಸಿಗೆ ನೋವಾಗಬಾರದು, ಕೊನೆಗೊಂದು ನೀತಿಯೂ ಇರಬೇಕು ಎಂದರು. ಹಾಗಾಗಿ ಮಗಳು ಕಷ್ಟಪಟ್ಟು ಓದಿ ಕ್ಲಾಸಿಗೇ ಫಸ್ಟ್ ಬಂದಳು. ಸುದ್ದಿ ತಿಳಿದ ತಾಯಿ ಓಡೋಡಿ ಬಂದಳು. ವಿಶ್ವಸಾಹಿತ್ಯದಲ್ಲಿ ವಿಶ್ವದ್ದು ಅಂತ ಉಳಿದದ್ದು ಕಥೆಯ ಕೆಳಗಿನ ದೇಶದ ಹೆಸರೊಂದೇ. ನಾನು ಜಗಳವಾಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಪೀರಿಯಡ್‌ನ ಉದ್ಘಾಟನೆಯ ದಿನ ಅತಿಥಿಗಳ ಎದುರು ಕಥೆಯನ್ನು ಹೆಡ್‌ಮಾಸ್ಟರೇ ಓದಿದರು, ತಾಯಿ ಬಂದಾಗ ಗಂಟಲು ಗದ್ಗದ ಮಾಡಿಕೊಂಡರು. ಆಮೇಲೆ ಪ್ರಶ್ನೆ ಕೇಳಿ ಎಂದರು. ಪ್ರಶ್ನೆ ಬಾಯಿಪಾಠ ಮಾಡಿಕೊಂಡಿದ್ದ ಇಬ್ಬರು ಏಳುವ ಮೊದಲೇ ನನ್ನ ಏಳನೇ ಕ್ಲಾಸಿನ ಆ ಹುಡುಗಿ ಎದ್ದಳು.

"ಸಾರ್, ಎಷ್ಟು ಮಾರ್ಕ್ಸ್ ತಗೊಂಡ್ರೆ ಅಮ್ಮ ಬರ್ತಾಳೆ?"

ಯಾರ ಮಗು, ಯಾಕೆ ಕೇಳುತ್ತಿದೆ ಎಂಬುದೇ ಆ ಮಹಾಶಯರಿಗೆ ಗೊತ್ತಿರಲಿಲ್ಲ. ನೀತಿ ನಾಟಿತೆಂದು ಖುಷಿಯೋ ಖುಷಿ.

"ತೊಂಬತ್ತರ ಮೇಲೆ ತಗೋಬೇಕಮ್ಮ."

ಅತಿಥಿಗಳು ನಕ್ಕು ಚಪ್ಪಾಳೆ ತಟ್ಟಿದರು. ಅವರ ಕೈ ಕಟ್ಟಿಹಾಕುವಷ್ಟು ಸಿಟ್ಟು ಬಂತು ನನಗೆ.

ಎಲ್ಲ ಮುಗಿದ ಮೇಲೆ ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ಸಾರ್ ಓದಿದ್ದು ನಿಜವಾದ ಕೊನೆಯಲ್ಲ ಎಂದು ಹೇಳಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಪೂರ್ತಿ ಕೇಳಿದಳು.

"ನಿಮ್ಮದು ಬೇಡ ಮಿಸ್," ಎಂದಳು. "ಸಾರ್ ಹೇಳಿದ್ದೇ ಇರಲಿ."

ಲೆಕ್ಕದ ಮೇಷ್ಟ್ರು ಇನ್ನೂ ಇದ್ದಾರಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಸ್ಟಾಫ್‌ರೂಮಿನ ಕಡೆ ಓಡಿದಳು.