ಎಂಟು ಲೀಟರಿನ ಒಕ್ಕಲು

ಟೌನ್ಸ್‌ವಿಲ್‌ನ ಒಂದು ಸರಕು ಸಾಗಣೆ ಕಂಪನಿಯಲ್ಲಿ ನೊರೀನ್ ಟ್ಯಾಪ್ಸೆಲ್ ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ಕೂತವಳು. ಏಸಿಯ ಗಾಳಿ ನೇರವಾಗಿ ಕತ್ತಿಗೆ ಹೊಡೆಯದ ಒಂದೇ ಒಂದು ಜಾಗ ಅದು. ತಲೆ ಎತ್ತಿದರೆ ಕಿಟಕಿಯಲ್ಲಿ ಕ್ಯಾಸಲ್ ಹಿಲ್‌ನ ಕೆಂಪು ಬಂಡೆ ಕಾಣುತ್ತಿತ್ತು. ಹೊಸ ಮ್ಯಾನೇಜರ್ ಬ್ರೆಂಟ್ ಬಂದವನೇ, ಒಂದನೇ ತಾರೀಖಿನಿಂದ ಯಾರಿಗೂ ಸ್ವಂತ ಮೇಜಿಲ್ಲ, ದಿನಾ ಫೋನಿನಲ್ಲಿ ಬುಕ್ ಮಾಡಿ ಸಿಕ್ಕಲ್ಲಿ ಕೂರಬೇಕು ಎಂದ. ಹಾಗೆ ಕೂತರೆ ಹೊಸ ಯೋಚನೆಗಳು ಹುಟ್ಟುತ್ತವಂತೆ. ಸರಕಿನ ಚೀಟಿ ಬರೆಯುವವರಿಗೆ ಹೊಸ ಯೋಚನೆ ಹುಟ್ಟಿ ಏನಾಗಬೇಕಿತ್ತೋ, ದೇವರಿಗೇ ಗೊತ್ತು.

ಉಳಿದವರು ಗೊಣಗಿ ತೆಪ್ಪಗಾದರು. ನೊರೀನ್ ತೆಪ್ಪಗಾಗುವ ಪೈಕಿ ಅಲ್ಲ. ಕಂಪನಿಯ ಸುರಕ್ಷತಾ ನಿಯಮಗಳನ್ನು ಟೈಪ್ ಮಾಡಿದ್ದೇ ಅವಳು. ನೀರು ತುಂಬಿದ ಗಾಜಿನ ಪಾತ್ರೆಯನ್ನು ಯಾರೂ ಎತ್ತಿ ಸಾಗಿಸಕೂಡದು, ಅದನ್ನು ನೋಡಿಕೊಳ್ಳುವವರು ಹತ್ತಿರವೇ ಇರತಕ್ಕದ್ದು ಎಂದು ಹದಿನಾಲ್ಕನೇ ನಿಯಮ ಹೇಳುತ್ತಿತ್ತು. ಮೇಜು ಉಳಿಸಿಕೊಳ್ಳಲು ಅಷ್ಟು ಸಾಕು. ಅವಳು ಆ ಶನಿವಾರವೇ ಎಂಟು ಲೀಟರಿನ ಪುಟ್ಟ ಗಾಜಿನ ತೊಟ್ಟಿಯೊಂದನ್ನು ಕೊಂಡು ಮೀನಿನಂಗಡಿಗೆ ಹೋದಳು. ಅಂಗಡಿಯ ವಾಲ್ ಪೆಟ್ರಿಚ್ ಮೀನು ಮಾರುವುದಕ್ಕಿಂತ ಗಿರಾಕಿಗಳನ್ನು ಬೈದು ಕಳಿಸುವುದರಲ್ಲೇ ಹೆಸರುವಾಸಿ.

"ಎರಡು ಗೋಲ್ಡ್ ಫಿಶ್ ಕೊಡಿ. ಎಂಟು ಲೀಟರಿನ ತೊಟ್ಟಿಗೆ."

"ಅಲ್ಲಾ ತಾಯಿ, ಅದು ಅಂಗೈ ಮೀರಿ ಬೆಳೆಯುತ್ತೆ. ಚೊಂಬಿನೊಳಗೆ ತುರುಕ್ತೀರಾ?"

"ಹಾಗಾದ್ರೆ ಆ ನೀಲಿ ಗೆರೆಯವು?"

"ನಿಯಾನ್. ಎರಡೇ ಇದ್ರೆ ಹೆದರಿ ಸಾಯ್ತವೆ, ಹತ್ತು ಹಾಕಿದ್ರೆ ಜಾಗ ಸಾಲ್ದೆ ಸಾಯ್ತವೆ. ಹೇಗೆ ಸಾಯಿಸೋಣ ಹೇಳಿ."

"ಬೆಟ್ಟಾ ಮೀನು ಒಂಟಿಯಾಗೇ ಇರುತ್ತಂತಲ್ಲ."

"ಒಂಟಿ ಅಂತ ಕಪಾಟಿನಲ್ಲಿ ಇಡೋಕಾಗುತ್ತಾ? ನೀವು ಮನೇಲಿ ಎಷ್ಟು ಜನ?"

"ನಾನೊಬ್ಳೇ."

"ರೂಮು?"

"ಮೂರು."

"ಮತ್ತೆ?" ಎಂದ ವಾಲ್.

ಕೊನೆಗೆ ಅವನು ಒಪ್ಪಿದ್ದು ಹತ್ತು ಕೆಂಪು ಸಿಗಡಿಗಳಿಗೆ. ಒಂದೊಂದೂ ಉಗುರಿನಷ್ಟು. ಅದೂ ಕೂಡಲೇ ಅಲ್ಲ.

"ಮೊದ್ಲು ಮರಳು, ಪಾಚಿ ಹಾಕಿ ನೀರು ಹದ ಮಾಡಿ. ಹೊಲಸು ತಿನ್ನೋ ಬ್ಯಾಕ್ಟೀರಿಯಾ ಬೆಳೀಲಿ. ತಿಂಗಳಾದ್ಮೇಲೆ ಆ ನೀರು ತಂದು ತೋರ್ಸಿ. ಅಲ್ಲೀವರೆಗೆ ಇಲ್ಲಿಂದ ಒಂದು ಬಸವನಹುಳಾನೂ ಆಚೆ ಹೋಗಲ್ಲ."

ಒಂದನೇ ತಾರೀಖು ಬ್ರೆಂಟ್, ನೀರು ತುಂಬಿದ ತೊಟ್ಟಿ ಕೂತಿದ್ದ ಅವಳ ಮೇಜಿನ ಮುಂದೆ ಬಂದು ನಿಂತ.

"ಇದ್ರಲ್ಲಿ ಏನೂ ಇಲ್ವಲ್ಲ, ನೊರೀನ್."

"ಕೋಟಿಗಟ್ಟಲೆ ಇವೆ. ನಿನ್ನ ಕಣ್ಣಿಗೆ ಕಾಣಲ್ಲ ಅಷ್ಟೆ. ಹದಿನಾಲ್ಕನೇ ನಿಯಮ ಓದಿದ್ದೀಯಾ?"

ಅವನು ಓದಿರಲಿಲ್ಲ. ಓದುವ ಅಭ್ಯಾಸವಿದ್ದಿದ್ದರೆ ಅವನನ್ನು ಮ್ಯಾನೇಜರ್ ಯಾರು ಮಾಡುತ್ತಿದ್ದರು? ತಲೆ ಕೆರೆದುಕೊಂಡು ಹೋದ.

ಒಂದು ತಿಂಗಳು ಅವಳು ಬರಿಯ ನೀರಿಗೆ ಕಾವಲು ಕೂತಳು. ಹತ್ತು ಗಂಟೆಯ ಚಹಾ ಹೊತ್ತಿಗೆ ಜನ, "ಪಾಚಿಗೆ ನೆಗಡಿ ವಾಸಿಯಾಯ್ತಾ?" ಎಂದು ಕೇಳಿ ಮಾಂಸದ ಪೈ ತಿನ್ನುತ್ತ ನಗುತ್ತಿದ್ದರು. ಪ್ರಿಂಟರಿನ ಪಕ್ಕದ ಸ್ಟೂಲಿನಲ್ಲಿ ಕೂತು ನಗುವವರನ್ನು ಕಂಡು ಅವಳಿಗೆ ಅಯ್ಯೋ ಪಾಪ ಎನ್ನಿಸುತ್ತಿತ್ತು.

ನೀರು ಪರೀಕ್ಷೆಯಲ್ಲಿ ಪಾಸಾಯಿತು, ಸಿಗಡಿಗಳು ಬಂದವು. ಪೊರೆ ಕಳಚಿದವು, ಹೊಟ್ಟೆಯಡಿ ಮೊಟ್ಟೆ ಹೊತ್ತವು, ಒಂದು ದಿನ ಪಾಚಿಯ ತುಂಬ ಎಳ್ಳಿನಷ್ಟು ಮರಿಗಳು. ನಕ್ಕವರೆಲ್ಲ ಈಗ ಮೇಜಿನ ಸುತ್ತ ನೆರೆದರು. ನೊರೀನ್ ಎಡವಿದ್ದು ಇಲ್ಲೇ. ಓಡಿಸುವುದು ಬಿಟ್ಟು, ಹಿಗ್ಗಿ ಹೀರೇಕಾಯಿಯಾಗಿ, ಎಲ್ಲರಿಗೂ ಬೆರಳು ಮಾಡಿ ತೋರಿಸಿದಳು. ಬ್ರೆಂಟ್ ಅಂತೂ ಮಂಡಿಯೂರಿ ಅರ್ಧ ಗಂಟೆ ನೋಡಿದ.

ಮರು ಸೋಮವಾರ ಅವಳ ಕುರ್ಚಿ ಇರಲಿಲ್ಲ. ಆ ಜಾಗದಲ್ಲಿ ತೊಟ್ಟಿಗೆ ಮುಖಮಾಡಿ ಒಂದು ಮೆತ್ತನೆಯ ಸೋಫಾ, ಗೋಡೆಗೆ "ಶಾಂತಿಯ ಮೂಲೆ" ಎಂಬ ಫಲಕ.

"ಎಲ್ರಿಗೂ ಎಷ್ಟು ಹಿತವಾಗಿದೆ ಗೊತ್ತಾ," ಎಂದ ಬ್ರೆಂಟ್. "ಹದಿನೈದು ನಿಮಿಷಕ್ಕೆ ಒಬ್ರಂತೆ ಬುಕ್ ಮಾಡಬಹುದು."

"ನೋಡಿಕೊಳ್ಳೋಳು ನಾನು. ಹತ್ತಿರ ಇರಬೇಕು ಅಂತ ನಿಯಮ ಇದೆ."

"ಓದಿದೆ. ಪ್ರಿಂಟರ್ ಪಕ್ಕದ ಸ್ಟೂಲು ಹತ್ತಿರಾನೇ ಅಲ್ವಾ?"

"ಹಾಗಿದ್ರೆ ತೊಟ್ಟಿ ಮನೆಗೆ ಒಯ್ತೀನಿ. ಅದು ನಂದು."

"ಅದನ್ನ ಯಾರೂ ಎತ್ತೋ ಹಾಗಿಲ್ವಲ್ಲ, ನೊರೀನ್," ಎಂದ, ನಿಜಕ್ಕೂ ಬೇಸರದಿಂದ.

ಅವಳಿಗೆ ಮೈಯೆಲ್ಲ ಉರಿಯಿತು. ಸಿಗಡಿಗಳು ಹಸಿದು ಸಾಯಲಿ, ಆಗ ಬರಲಿ ಇವರ ಶಾಂತಿ ಎಂದುಕೊಂಡಳು. ಸ್ಟೂಲಿನ ಮೇಲೆ ಕೂತಳು. ಏಸಿಯ ಗಾಳಿ ಕತ್ತಿಗೆ ಹೊಡೆಯತೊಡಗಿತು. ಮಧ್ಯಾಹ್ನದವರೆಗೆ ತಡೆದಳು. ಆಮೇಲೆ ಫೋನ್ ತೆಗೆದು ನೋಡಿದರೆ ಶಾಂತಿಯ ಮೂಲೆ ಗುರುವಾರದವರೆಗೆ ಭರ್ತಿ. ಎದ್ದು ಹೋದಳು. ಸೋಫಾದಲ್ಲಿ ಗೋದಾಮಿನ ಡೇಮಿಯನ್ ಕಾಲು ಚಾಚಿ ಬಿದ್ದುಕೊಂಡಿದ್ದ. ಅವನ ಹೆಗಲ ಮೇಲಿಂದ ಬಗ್ಗಿ, ತೊಟ್ಟಿಗೆ ಚಿಟಿಕೆ ಆಹಾರ ಉದುರಿಸುತ್ತ, "ಬನ್ರೋ ಮಕ್ಕಳಾ," ಎಂದಳು.

"ಶ್," ಎಂದ ಡೇಮಿಯನ್, ಕಣ್ಣು ಕೂಡ ತೆರೆಯದೆ. "ಇಲ್ಲಿ ಮಾತಾಡೋ ಹಾಗಿಲ್ಲ."